ನಡುವಿನ ಟ್ಯೂಬು

ಅಗತ್ತಿಯಿಂದ ಕೊಚ್ಚಿ, ಕೊಚ್ಚಿಯಿಂದ ದೇವನಹಳ್ಳಿ,
ಅಲ್ಲಿಂದ ಹೆಬ್ಬಾಳದ ಮೇಲ್ಸೇತುವೆಯಲ್ಲಿ
ಮುಕ್ಕಾಲು ಗಂಟೆ ಅಲುಗದೆ ನಿಂತು
ಮೂರು ಸಾವಿರ ಅಡಿ ಎತ್ತರದ ಈ ಊರಿಗೆ
ಸಮುದ್ರ ಬಂತು, ಥರ್ಮಾಕೋಲ್ ಪೆಟ್ಟಿಗೆಯಲ್ಲಿ:
ಡ್ರೈ ಐಸಿನ ಹೊಗೆ, ಬೆರಳುದ್ದದ ಮೂರು ಟ್ಯೂಬು.
ಸಹಿ ಹಾಕಿಸಿಕೊಂಡ ಕೊರಿಯರ್ ಹುಡುಗ ಕೇಳಿದ,
ಮೀನಾ ಮೇಡಂ?

ಮೀನಲ್ಲ. ಹವಳ.
ಅತ್ತೆಯ ಬೆರಳಲ್ಲಿ ಕುಜನನ್ನು ಸಮಾಧಾನಪಡಿಸುವ ಕೆಂಪು ಹರಳಲ್ಲ.
ಕಂದು ಮೈಯ, ಮೈತುಂಬ ಬಾಯಿರುವ ಪ್ರಾಣಿ;
ತನ್ನ ಕಾಲಡಿಗೆ ತಾನೇ ಕಲ್ಲು ಕಟ್ಟಿಕೊಂಡು
ವರ್ಷಕ್ಕೊಂದು ಉಗುರಗಲ ಏಳುವಂಥದು.
ಸೈದ್ ಕೋಯ ಮುಳುಗಿ, ಉಳಿಯಿಂದ ಚಕ್ಕೆ ಎಬ್ಬಿಸಿ
ಮಲಯಾಳದಲ್ಲಿ ಬರೆದದ್ದನ್ನು ಶೈನಿ ಓದಿ ಹೇಳಿದಳು:
ಒಂದು, ಬೇರೆ ಬಂಡೆಯದು, ಚೆನ್ನಾಗಿದೆ.
ಮೂರು, ಬಿಳಿ ಪಟ್ಟೆ ಬಿದ್ದಿದೆ.
ಎರಡು, ಮೂರರ ಮೈಯದೇ, ಪಟ್ಟೆಯಿಂದ ಗೇಣು ದೂರ.
ನೋಡಲು ಚೆನ್ನಾಗಿದೆ.

ದ್ರವ ಸಾರಜನಕ ಸುರಿದು ಕುಟ್ಟಾಣಿಯಲ್ಲಿ ಅರೆದೆ.
ಗಾಜು ತೊಳೆಯುವ ಹನುಮಕ್ಕ ಬಗ್ಗಿ ನೋಡಿದಳು,
ಸೊಂಟದ ಚೀಲದಿಂದ ಸುಣ್ಣದ ಡಬ್ಬಿ ತೆಗೆದು
ಪಕ್ಕಕ್ಕೆ ಹಿಡಿದಳು. ಇದೇ ತಾನೆ ಅದು?
ಹೆಚ್ಚುಕಡಿಮೆ ಇದೇ, ಅಂದೆ.
ಹಂಗಾದ್ರೆ ಸೋತು ಸುಣ್ಣ ಆಗೋದು ಅಂದ್ರೆ
ಬರೀ ಮಾತಲ್ಲ ಅನ್ನಿ, ಅಂದು
ಎಲೆಗೆ ಒಂದು ಬೆರಳು ಸವರಿ ಹೊರಗೆ ಹೋದಳು.

ರಾತ್ರಿಯಿಡೀ ಯಂತ್ರ ತೂಗಿತು.
ಪ್ರೋಟೀನಿನ ಒಂದೊಂದು ತುಣುಕನ್ನೂ ಹಾರಿಸಿ
ಹಾರಿದ ಹೊತ್ತಿನಿಂದ ತೂಕ ಹೇಳುವ ತಕ್ಕಡಿ;
ಅವೆನ್ಯೂ ರೋಡಿನ ಯಾವ ಅಕ್ಕಸಾಲಿಗನಿಗೂ ಇಲ್ಲ.
ಎರಡು ಗಂಟೆಗೆ ಕರೆಂಟು ಹೋಯಿತು.
ಜನರೇಟರ್ ಕೆಮ್ಮಿತು, ಸುಮ್ಮನಾಯಿತು.
ಯಂತ್ರಕ್ಕೆ ಯುಪಿಎಸ್ ಇದೆ, ಫ್ರೀಜರಿಗೆ ನಾನು.
ಮೈನಸ್ ಎಂಬತ್ತು, ಎಪ್ಪತ್ತಾರು, ಎಪ್ಪತ್ತೊಂದು,
ಅದೂ ಒಂದು ಜ್ವರವೇ.
ಯಾರೂ ಬಾಗಿಲು ತೆರೆಯದ ಹಾಗೆ ಬೆನ್ನು ಕೊಟ್ಟು ಕೂತೆ.
ತೆರೆಯಲು ಯಾರೂ ಇರಲಿಲ್ಲ.

ಬೆಳಿಗ್ಗೆ ಪಟ್ಟಿ ಬಂತು.
ಮೂರನೆಯದರಲ್ಲಿ ಆಶ್ಚರ್ಯವೇನಿಲ್ಲ:
ಕಲ್ಲು ಕಟ್ಟುವ ಪ್ರೋಟೀನುಗಳು ಕೆಲಸ ಬಿಟ್ಟಿವೆ,
ಮಡಿಕೆ ತಪ್ಪಿದ್ದನ್ನು ತಿದ್ದುವವು
ಮೂರು ಪಾಳಿಯಲ್ಲಿ ದುಡಿಯುತ್ತಿವೆ.
ಸೂಕ್ಷ್ಮಾಣುಗಳ ತಲೆಯೆಣಿಕೆ ಶೈನಿಯದು:
ತಲೆತಲಾಂತರದ ಬಾಡಿಗೆಯವರು ಖಾಲಿ ಮಾಡಿದ್ದಾರೆ,
ಅವರ ಕೋಣೆಗಳಲ್ಲಿ ಈಗ ವಿಬ್ರಿಯೋ,
ಅಡ್ವಾನ್ಸಿಲ್ಲ, ಕರಾರಿಲ್ಲ, ಬೀಗ ಒಡೆದು ಬಂದವರು.
ಅಥವಾ ಬೀಗವೇ ಇರಲಿಲ್ಲವೋ.
ಮೊದಲು ಕಾಯಿಲೆಯೋ, ಮೊದಲು ಖಾಲಿ ಮನೆಯೋ,
ನಮ್ಮ ಗೈಡಿಗೂ ಗೊತ್ತಿಲ್ಲ.

ಆಮೇಲೆ ಎರಡನೆಯದು.
ಬಣ್ಣ ಸರಿ, ಬಾಯಿಗಳು ಸರಿ, ಕೋಯ ಬರೆದದ್ದು ಸರಿ.
ಪಟ್ಟಿ ಮಾತ್ರ ಒಂದನೆಯದರ ಹಾಗಿಲ್ಲ.
ತಿದ್ದುವವು ಆಗಲೇ ಎದ್ದು ಕೂತಿವೆ,
ಹಳಬರಲ್ಲಿ ಅರ್ಧ ಮಂದಿ ಗಂಟು ಕಟ್ಟಿದ್ದಾರೆ.
ಗೇಣು ದೂರದ ಸುದ್ದಿ
ಬಿಳಿಗಿಂತ ಮುಂಚೆ ಇಲ್ಲಿಗೆ ತಲುಪಿದೆ.
ಮತ್ತೆ ಮತ್ತೆ ಓದಿದೆ,
ತಪ್ಪು ನನ್ನದಾಗಿರಲಿ ಎಂದು.

ಫೋನಿನಾಚೆ ಗಾಳಿ, ದೋಣಿಯ ಎಂಜಿನ್ನು.
ಹರಕು ಹಿಂದಿಯಲ್ಲಿ ಹೇಳಿದೆ: ಎರಡನೇದು ಚೆನ್ನಾಗಿಲ್ಲ.
ಕೋಯ ಎಂಜಿನ್ನು ಆಫ್ ಮಾಡಿದ. ನೀರಿನ ಸದ್ದು ಕೇಳಿಸಿತು.
ಹಾಗಾದರೆ, ಅಂದ, ಒಂದನೇದು?
ಅದನ್ನು ಯಾವುದರ ಪಕ್ಕ ಇಟ್ಟು ನೋಡಿದಿರಿ?

ಸಿಂಕಿನ ಹತ್ತಿರ ಹನುಮಕ್ಕ ನಲ್ಲಿ ತಿರುವಿ ಕಾಯುತ್ತಿದ್ದಳು,
ಕಾವೇರಿ ಇನ್ನೂ ಬಂದಿರಲಿಲ್ಲ.
ಮೂರೂ ಕುಟ್ಟಾಣಿ ತೊಳೆದಿಡ್ಲಾ?
ಒಂದನೇದು ಬೇಡ, ಅಂದೆ,
ಅದು ಇನ್ನೂ ಮುಗಿದಿಲ್ಲ.